ಬ್ರಹ್ಮಗಿರಿಯ ಬಂಡೆ ಓದುವುದು ಹೇಗೆ: ದಾವಣಗೆರೆಯ ಬೋರ್ಡ್ ಪೇಂಟರ್ ಹೇಳಿಕೊಡುವ ಬ್ರಾಹ್ಮಿ

ಬ್ರಹ್ಮಗಿರಿಗೆ ಹೋಗಿ ಬಂದವರು ಹೆಚ್ಚಾಗಿ ಹೇಳುವುದು ಒಂದೇ ಮಾತು. "ಬಂಡೆ ನೋಡಿದ್ವಿ, ಏನೋ ಗೀಚಿದ ಹಾಗಿತ್ತು, ಫೋಟೋ ತಗೊಂಡು ಬಂದ್ವಿ." ಅಷ್ಟು ದೂರ ಬಿಸಿಲಲ್ಲಿ ಹೋಗಿ, ಅಶೋಕನ ಕಾಲದ ಅಕ್ಷರದ ಮುಂದೆ ನಿಂತು, ಒಂದಕ್ಷರವೂ ಓದದೆ ವಾಪಸ್ ಬರುವುದು ನನಗಂತೂ ಸಂಕಟದ ವಿಷಯ. ಕನ್ನಡದ ಕಾಗುಣಿತ ಬಲ್ಲವರಿಗೆ ಆ ಕಾಲದ ಲಿಪಿಯಾದ ಬ್ರಾಹ್ಮಿಯ ಅರ್ಧ ಕೆಲಸ ಒಂದನೇ ಕ್ಲಾಸಿನಲ್ಲೇ ಮುಗಿದಿರುತ್ತದೆ. ಉಳಿದರ್ಧ ಪೆನ್ಸಿಲ್ ಹಿಡಿದು ಕೂತರೆ ಬರುತ್ತದೆ.

ನಾನು ದಾವಣಗೆರೆಯಲ್ಲಿ ಬೋರ್ಡ್ ಬರೆಯುವವನು. ಮಂಡಿಪೇಟೆಯ ಅಂಗಡಿ, ಬೆಣ್ಣೆ ದೋಸೆ ಹೋಟೆಲು, ಲಾರಿಯ ಹಿಂಬದಿ, ಊರ ಹೊರಗಿನ ಗೋಡೆ, ಎಲ್ಲ ಕಡೆ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಬ್ರಷ್‌ಗೆ ಕೆಲಸ ಕಡಿಮೆ. ಕೈ ಸುಮ್ನೆ ಇರಬೇಕಲ್ಲ, ಹಳೆಯ ಅಕ್ಷರಗಳ ಕಡೆ ತಿರುಗಿತು. ಹಾಗಾಗಿ ಇಲ್ಲಿ ಹೇಳುವುದು ಪೇಂಟರ್ ದಾರಿ. ಅಕ್ಷರವನ್ನು ನೋಡಿ ನೋಡಿ ಬಾಯಿಪಾಠ ಮಾಡಬೇಡಿ. ಬರೆದು ಬರೆದು ಕೈಗೆ ಇಳಿಸಿ. ಕೈಗೆ ಗೊತ್ತಾದ ಅಕ್ಷರ ಎಷ್ಟೇ ಸವೆದಿದ್ದರೂ ಕಣ್ಣಿಗೆ ಸಿಗುತ್ತದೆ.

ಬಂಡೆ ಎಲ್ಲಿದೆ, ಅದರಲ್ಲಿ ಏನಿದೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಒಂದಕ್ಕೊಂದು ಹತ್ತಿರದಲ್ಲೇ ಅಶೋಕನ ಮೂರು ಶಾಸನಗಳಿವೆ. ಒಂದು ಬ್ರಹ್ಮಗಿರಿಯಲ್ಲಿ, ಇನ್ನೊಂದು ಸಿದ್ದಾಪುರದ ಬಳಿ, ಮತ್ತೊಂದು ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಹೊರಜಗತ್ತಿಗೆ ತಿಳಿಸಿದರು. ಆ ಊರಿಗೆ ಈಗ ಜನ ಅಶೋಕ ಸಿದ್ದಾಪುರ ಅಂತಲೇ ಹೇಳುತ್ತಾರೆ. ಮೂರರಲ್ಲೂ ವಿಷಯ ಹೆಚ್ಚುಕಡಿಮೆ ಒಂದೇ. ಓದಲು ಕಲಿಯುವವರಿಗೆ ಬ್ರಹ್ಮಗಿರಿಯದೇ ಒಳ್ಳೆಯದು. ಜಟಿಂಗ ರಾಮೇಶ್ವರದ್ದು ತುಂಬಾ ಸವೆದಿದೆ, ಅದನ್ನು ಮೊದಲು ಹಿಡಿದರೆ ಬೇಜಾರಾಗಿ ಬಿಟ್ಟುಬಿಡುತ್ತೀರಿ.

ಅಲ್ಲಿನ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಇವೆರಡನ್ನು ಬೇರೆ ಬೇರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದೆ ಗೊಂದಲ. ಲಾರಿಯ ಹಿಂದೆ ನಾನು "ಹಾರ್ನ್ ಓಕೆ ಪ್ಲೀಸ್" ಅಂತ ಕನ್ನಡದಲ್ಲಿ ಬರೆಯುತ್ತೇನಲ್ಲ, ಅಲ್ಲಿ ಅಕ್ಷರ ಕನ್ನಡದ್ದು, ಮಾತು ಇಂಗ್ಲಿಷಿನದು. ಹಾಗೆಯೇ ಬ್ರಾಹ್ಮಿಯಲ್ಲಿ ಪ್ರಾಕೃತ ಬರೆದರು, ಸಂಸ್ಕೃತ ಬರೆದರು, ತಮಿಳನ್ನೂ ಬರೆದರು. ಅದೇ ಲಿಪಿ ದಕ್ಷಿಣದಲ್ಲಿ ಬೆಳೆಯುತ್ತಾ ಕನ್ನಡ, ತೆಲುಗು ಲಿಪಿಗಳಾಯಿತು. ಕಡಲು ದಾಟಿ ಬರ್ಮಾ, ಕಾಂಬೋಡಿಯಾ, ಥಾಯ್ಲೆಂಡಿಗೂ ಹೋಯಿತು. ಟಿಬೆಟಿನ ಲಿಪಿಯೂ ಅದೇ ಮನೆತನದ್ದು.

ಮೊದಲ ಪಾಠ: ಚೌಕದ ಪುಸ್ತಕ, ಹತ್ತು ಅಕ್ಷರ

ಮಕ್ಕಳ ಲೆಕ್ಕದ ಚೌಕದ ಪುಸ್ತಕ ತಗೊಳ್ಳಿ. ಬ್ರಾಹ್ಮಿ ಅಕ್ಷರಗಳು ಗೀಟು, ವೃತ್ತ, ಚೌಕದ ಮೇಲೆ ನಿಂತಿವೆ. ಚೌಕದ ಹಾಳೆಯಲ್ಲಿ ಅಳತೆ ತಪ್ಪುವುದಿಲ್ಲ. ಹತ್ತೇ ಅಕ್ಷರದಿಂದ ಶುರು ಮಾಡಿ.

ಕ: ಕೂಡಿಸುವ ಚಿಹ್ನೆ. ಒಂದು ನೆಟ್ಟಗಿನ ಗೀಟು, ನಡುವೆ ಒಂದು ಅಡ್ಡಗೀಟು, ಮುಗೀತು. ನಮ್ಮ ಕ ಬರೆಯುವಾಗ ನಡುವೆ ಅಡ್ಡ ಎಳೆಯುತ್ತೇವಲ್ಲ, ಅದು ಅಂದಿನಿಂದ ಉಳಿದುಕೊಂಡು ಬಂದ ಗೀಟು.

ನ: ಕೆಳಗೆ ಅಡ್ಡಗೀಟು, ಅದರ ಮಧ್ಯದಿಂದ ಮೇಲಕ್ಕೆ ಒಂದು ಕಂಬ. ಇಂಗ್ಲಿಷಿನ ಟಿ ತಲೆಕೆಳಗಾದಂತೆ.

ಗ: ಎರಡು ಓರೆ ಗೀಟು, ಮೇಲೆ ಕೂಡುತ್ತವೆ. ಈಗಿನ ಗ-ದ ಕಮಾನು ಬಂದಿರುವುದು ಇದರಿಂದಲೇ.

ರ: ಬರೀ ಒಂದು ಕಂಬ. ಕೆಲವು ಕಡೆ ಹಾವು ಹರಿದಂತೆ ಅಂಕುಡೊಂಕಾಗಿ ಕೊರೆದಿರುತ್ತಾರೆ. ಎರಡೂ ರ.

ಠ: ಒಂದು ಬಳೆ. ಕನ್ನಡದ ಠ-ದ ಹೊಟ್ಟೆಯಲ್ಲಿ ಚುಕ್ಕೆ ಇದೆ ಅಂತ ಇಲ್ಲಿಯೂ ಹುಡುಕಬೇಡಿ. ಬಳೆಯ ನಡುವೆ ಚುಕ್ಕೆ ಕಂಡರೆ ಅದು ಥ, ಅದನ್ನೂ ಹತ್ತರ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬ: ನಾಲ್ಕು ಕಡೆಯೂ ಮುಚ್ಚಿದ ಚೌಕ. ಇದರ ಮೇಲಿನ ಗೀಟು ತೆರೆದುಕೊಂಡು, ಮೂಲೆಗಳು ದುಂಡಗಾಗಿ ನಮ್ಮ ಬ ಆಯಿತು.

ವ: ಬಳೆಯ ನೆತ್ತಿಯ ಮೇಲೆ ಒಂದು ಕಡ್ಡಿ.

ಮ: ಬಳೆಯ ನೆತ್ತಿಯ ಮೇಲೆ ಒಂದು ಬಟ್ಟಲು, ಬಾಯಿ ಮೇಲಕ್ಕೆ. ವ ಮತ್ತು ಮ ಎರಡನ್ನೂ ಒಟ್ಟಿಗೆ ಬರೆದು ಅಭ್ಯಾಸ ಮಾಡಿ. ಸವೆದ ಕಲ್ಲಿನಲ್ಲಿ ಬಟ್ಟಲಿನ ಒಂದು ಕಡೆ ಅಳಿಸಿದ್ದರೆ ಮ ನೋಡಲು ವ ಆಗಿಬಿಡುತ್ತದೆ.

ಯ: ಬಟ್ಟಲಿನ ನಡುವೆ ಒಂದು ಕಂಬ. ಹಡಗಿನ ಲಂಗರು ನೋಡಿದವರಿಗೆ ಮರೆಯುವುದಿಲ್ಲ.

ಈ ಹತ್ತರಲ್ಲೇ ಎಷ್ಟು ಪದ ಆಗುತ್ತದೆ ನೋಡಿ. ಕನಕ, ನಗರ, ಗಗನ, ಮರ, ರಥ, ಮಠ, ವನ, ಬರ, ಯಮ, ನಯನ, ಗಮನ. ಬರೆಯಿರಿ, ಪುಸ್ತಕ ಮುಚ್ಚಿ, ಚಹಾ ಕುಡಿದು ಬಂದು ಓದಿ. ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಲಿ ಬರೆಸಿ ನೀವು ಓದಿ. ಮಕ್ಕಳು ಇದನ್ನು ಗುಟ್ಟಿನ ಭಾಷೆ ಮಾಡಿಕೊಂಡು ನಿಮಗಿಂತ ಬೇಗ ಕಲಿಯುತ್ತಾರೆ, ಆಗ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ಇಲ್ಲಿ ತಲೆಕಟ್ಟು ಇಲ್ಲ. ಕನ್ನಡದವರ ಕೈ ಮೊದಲು ತಲೆಕಟ್ಟಿಗೇ ಓಡುತ್ತದೆ. ಬೋರ್ಡ್ ಬರೆಯುವಾಗ ನಾವು ದಾರಕ್ಕೆ ಚಾಕ್ ಪುಡಿ ಹಚ್ಚಿ ಗೆರೆ ಹೊಡೆಯುತ್ತೇವಲ್ಲ, ಮೇಲಿನ ಆ ಗೆರೆಗೆ ತಲೆಕಟ್ಟೆಲ್ಲ ಕೂಡಬೇಕು. ಬ್ರಹ್ಮಗಿರಿಯಲ್ಲಿ ಅಂಥ ಗೆರೆಯ ಕಟ್ಟುಪಾಡು ಇಲ್ಲ. ಬಂಡೆ ಹೇಗಿದೆಯೋ ಸಾಲು ಹಾಗೆ ಹೋಗಿದೆ.

ಕೊಕ್ಕೆಗಳ ಗುಂಪು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಪ, ಹ, ಲ, ಸ ನಾಲ್ಕೂ ಕೊಕ್ಕೆಯ ಆಕಾರ. ಓದುವಾಗ ಜಾಸ್ತಿ ಎಡವುವುದು ಇಲ್ಲೇ.

ಪ ಬರೆಯಲು ಎಡಗಡೆ ಎತ್ತರದ ಕಂಬ ಇಳಿಸಿ, ತಳದಲ್ಲಿ ಬಲಕ್ಕೆ ತಿರುಗಿಸಿ, ಸ್ವಲ್ಪ ಮೇಲಕ್ಕೆತ್ತಿ ನಿಲ್ಲಿಸಿ. ಆ ಗಿಡ್ಡ ತುದಿಗೆ ಹೊರಗಡೆ ಒಂದು ಸಣ್ಣ ಗೀಟು ಸೇರಿಸಿದರೆ ಹ. ಅದೇ ಹ-ವನ್ನು ಕನ್ನಡಿಯಲ್ಲಿ ನೋಡಿದರೆ ಲ, ಅಂದರೆ ಎತ್ತರದ ಕಂಬ ಬಲಗಡೆ. ಪ-ದ ಎಡಗಡೆ ಒಂದು ಸಣ್ಣ ಬಾಲ ಇಳಿಬಿಟ್ಟರೆ ಸ. ಓದುವಾಗ ಮೊದಲು ನೋಡಬೇಕಾದದ್ದು ಎತ್ತರದ ಕಂಬ ಯಾವ ಕಡೆ ಇದೆ ಅಂತ. ಆಮೇಲೆ ಬಾಲ.

ತ ಸುಲಭ. ಗ-ದ ನೆತ್ತಿಯ ಮೇಲೆ ಒಂದು ಕಡ್ಡಿ ನಿಲ್ಲಿಸಿದರೆ ತ. ದ ಅಂದರೆ ಒಂದು ಕಂಬ, ನಡುವೆ ಮಾತ್ರ ಒಂದು ಕಡೆಗೆ ಉಬ್ಬಿಕೊಂಡಿದೆ. ಣ ಅಂದರೆ ಮೇಲೊಂದು ಕೆಳಗೊಂದು ಅಡ್ಡಗೀಟು, ನಡುವೆ ಕಂಬ. ಈ ಣ-ವನ್ನು ಚೆನ್ನಾಗಿ ನೆನಪಿಡಿ, ಬಂಡೆಯ ಮುಂದೆ ಕೆಲಸಕ್ಕೆ ಬರುತ್ತದೆ.

ಸ್ವರಗಳಲ್ಲಿ ನಾಲ್ಕು ಸಾಕು. ಇ ಅಂದರೆ ಮೂರು ಚುಕ್ಕೆ. ಎ ಅಂದರೆ ತ್ರಿಕೋನ. ಉ ಅಂದರೆ ಇಂಗ್ಲಿಷಿನ ಎಲ್. ಅ ಅಂದರೆ ಇಂಗ್ಲಿಷಿನ ಕೆ ಹಿಂದುಮುಂದಾದಂತೆ, ಕಂಬ ಬಲಕ್ಕೆ, ಎರಡು ಕೈ ಎಡಕ್ಕೆ. ಹ್ರಸ್ವ ಎ, ದೀರ್ಘ ಏ ಅಂತ ಬ್ರಾಹ್ಮಿಯ ಈ ಶಾಸನಗಳಲ್ಲಿ ಭೇದವಿಲ್ಲ. ಪ್ರಾಕೃತಕ್ಕೆ ಅದು ಬೇಕಿರಲಿಲ್ಲ.

ಕಾಗುಣಿತ ಮತ್ತು ಒತ್ತು

ಇಲ್ಲಿಂದ ಮುಂದೆ ಕನ್ನಡ ಬಲ್ಲವರಿಗೆ ಇಳಿಜಾರು. ಇಂಗ್ಲಿಷ್ ಮಾತ್ರ ಬಲ್ಲವನಿಗೆ, ವ್ಯಂಜನದ ಮೈಮೇಲೆಯೇ ಸ್ವರ ಕೂರುತ್ತದೆ ಅಂತ ಅರ್ಥ ಮಾಡಿಸಲು ಒಂದು ತಾಸು ಬೇಕು. ನಮಗೆ ಅದನ್ನು ಯಾರೂ ಹೇಳಬೇಕಿಲ್ಲ.

ದೀರ್ಘಕ್ಕೆ ಅಕ್ಷರದ ತಲೆಯ ಬಲಗಡೆ ಒಂದು ಸಣ್ಣ ಅಡ್ಡಗೀಟು. ಕಾ, ನಾ, ಮಾ ಎಲ್ಲಕ್ಕೂ ಅದೇ. ಗುಡಿಸು ಬೇಕಾದರೆ ಬಲಗಡೆ ಮೇಲೆ ಆ ಗೀಟನ್ನು ಎಳೆದು, ತುದಿಯಲ್ಲಿ ಮೇಲಕ್ಕೆ ಮಡಚಿ. ಗುಡಿಸಿನ ದೀರ್ಘಕ್ಕೆ ಮೇಲೆ ಎರಡು ಕಡ್ಡಿ. ಕೊಂಬಿಗೆ ಅಕ್ಷರದ ಕೆಳಗೆ ಒಂದು ಗೀಟು, ಅದರ ದೀರ್ಘಕ್ಕೆ ಎರಡು. ಏತ್ವಕ್ಕೆ ತಲೆಯ ಎಡಗಡೆ ಒಂದು ಗೀಟು. ಓತ್ವಕ್ಕೆ ಎಡಕ್ಕೊಂದು, ಬಲಕ್ಕೊಂದು, ಅಂದರೆ ಏತ್ವ ಮತ್ತು ದೀರ್ಘ ಎರಡೂ ಒಟ್ಟಿಗೆ. ಸೊನ್ನೆಗೆ ಅಕ್ಷರದ ಪಕ್ಕ ಬರೀ ಒಂದು ಚುಕ್ಕೆ.

ಹೀಗಾಗಿ "ಬಸವ" ಅಂದರೆ ಚೌಕ, ಕೊಕ್ಕೆ, ಕಡ್ಡಿ ಬಳೆ. "ರಾಮ" ಅಂದರೆ ಬಲಕ್ಕೆ ಗೀಟಿರುವ ಕಂಬ, ಬಟ್ಟಲು ಹೊತ್ತ ಬಳೆ. ನಿಮ್ಮ ಹೆಸರು ಬರೆದುಕೊಳ್ಳಿ. ಆಮೇಲೆ ಮನೆಯವರ ಹೆಸರು, ಬೀದಿಯ ಹೆಸರು. ನಮ್ಮೂರಲ್ಲಿ ಅಶೋಕ ರಸ್ತೆ ಅಂತಲೇ ಒಂದು ಇದೆ. ಅಲ್ಲಿನ ಒಬ್ಬ ಅಂಗಡಿಯವರಿಗೆ ಬೋರ್ಡಿನ ಮೂಲೆಯಲ್ಲಿ ಅಶೋಕನ ಅಕ್ಷರದಲ್ಲೇ ಹೆಸರು ಬರೆದುಕೊಡುತ್ತೇನೆ ಅಂದೆ. "ಗಿರಾಕಿ ಓದೋದು ಬೇಡ್ವಾ?" ಅಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ.

ಒತ್ತಕ್ಷರ ಬಂದಾಗ ಕನ್ನಡದವರಿಗೆ ಇನ್ನೂ ಹೆಚ್ಚು ಅನುಕೂಲ. ಬ್ರಾಹ್ಮಿಯಲ್ಲಿ ಎರಡನೇ ವ್ಯಂಜನ ಮೊದಲನೆಯದರ ಕೆಳಗೆ ಕೂರುತ್ತದೆ. ಹಿಂದಿ ಬರೆಯುವ ಲಿಪಿಯಲ್ಲಿ ಅದು ಹೆಚ್ಚಾಗಿ ಪಕ್ಕಕ್ಕೆ ಸರಿದುಕೊಂಡಿತು. ಕನ್ನಡ, ತೆಲುಗಿನಲ್ಲಿ ಕೆಳಗೇ ಉಳಿಯಿತು. ಈ ಒತ್ತಿನ ದೆಸೆಯಿಂದ ಕನ್ನಡ ಬೋರ್ಡಿಗೆ ಇಂಗ್ಲಿಷಿಗಿಂತ ಜಾಸ್ತಿ ಎತ್ತರದ ತಗಡು ಬೇಕು. "ಕೃಷ್ಣ ಸ್ಟೋರ್ಸ್" ಅಂತ ಬರೆಯಿರಿ ಅಂದವರಿಗೆ ತಗಡಿನ ಲೆಕ್ಕ ಹೇಳಿ ಹೇಳಿ ಸಾಕಾಗಿದೆ. ಬ್ರಹ್ಮಗಿರಿಯ ಪ್ರಾಕೃತದಲ್ಲಿ ಒತ್ತು ಕಡಿಮೆ. ಆರ್ಯಪುತ್ರ ಅನ್ನುವುದು ಅಲ್ಲಿ "ಅಯಪುತ" ಅಂತ ನಯವಾಗಿ ಬಂದಿದೆ. ಕಲಿಯುವವರಿಗೆ ಒಳ್ಳೆಯದೇ ಆಯಿತು.

ಪ್ರಿನ್ಸೆಪ್ ಮಾಡಿದ ಉಪಾಯ

ಬಂಡೆಯ ಮುಂದೆ ನಿಂತಾಗ ಮೊದಲ ಅಕ್ಷರದಿಂದ ಓದಲು ಹೋಗಬೇಡಿ. ಗೊತ್ತಿರುವ ಪದವನ್ನು ಮೊದಲು ಹುಡುಕಿ. ಇದು ನನ್ನ ಉಪಾಯವಲ್ಲ, ಜೇಮ್ಸ್ ಪ್ರಿನ್ಸೆಪ್ ಅವರದು. ಅವರು ಕಲ್ಕತ್ತೆಯ ಟಂಕಸಾಲೆಯಲ್ಲಿ ನಾಣ್ಯದ ಲೋಹ ಪರೀಕ್ಷೆ ಮಾಡುವ ಅಧಿಕಾರಿ. ಆ ಕಾಲಕ್ಕೆ ಬ್ರಾಹ್ಮಿಯನ್ನು ಓದುವವರು ದೇಶದಲ್ಲಿ ಒಬ್ಬರೂ ಉಳಿದಿರಲಿಲ್ಲ.

1837ರಲ್ಲಿ ಸಾಂಚಿ ಸ್ತೂಪದ ಕಟಾಂಜನದ ಮೇಲಿದ್ದ ಸಣ್ಣ ಸಣ್ಣ ಬರಹಗಳ ಪ್ರತಿಗಳು ಅವರ ಕೈಗೆ ಬಂದವು. ಬರಹ ಬೇರೆ ಬೇರೆ, ಆದರೆ ಕೊನೆ ಮಾತ್ರ ಒಂದೇ. ಅವೇ ಎರಡು ಅಕ್ಷರ, ಪಕ್ಕ ಒಂದು ಚುಕ್ಕೆ. ಗುಡಿಯ ಕಂಬಕ್ಕೆ ಇಷ್ಟೊಂದು ಜನ ಒಂದೇ ಪದ ಯಾಕೆ ಬರೆಸುತ್ತಾರೆ? ಇಂಥವರು ಕೊಟ್ಟದ್ದು ಅಂತ ಇರಬೇಕು. ಹಾಗಾದರೆ ಪದ "ದಾನಂ". ಅಲ್ಲಿಗೆ ದ, ನ, ದೀರ್ಘ, ಸೊನ್ನೆ ನಾಲ್ಕೂ ಕೈಗೆ ಸಿಕ್ಕವು. ಉಳಿದ ಅಕ್ಷರಗಳು ಒಂದರ ಹಿಂದೆ ಒಂದು ಬಂದವು. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟ್ ಮೇಲೂ, ಬೆಂಚಿನ ಮೇಲೂ ದಾನಿಗಳ ಹೆಸರು ಬರೆದು ನನಗೆ ರೂಢಿ, ಹಾಗಾಗಿ ಈ ಕತೆ ನನಗೆ ಬಹಳ ಇಷ್ಟ.

ಓದಿದ ಮೇಲೂ ಒಂದು ತೊಡಕಿತ್ತು. ಶಾಸನ ಬರೆಸಿದ ರಾಜ ತನ್ನನ್ನು "ದೇವಾನಂಪಿಯ" ಅಂತ ಕರೆದುಕೊಳ್ಳುತ್ತಾನೆ, ದೇವತೆಗಳಿಗೆ ಪ್ರಿಯನಾದವನು ಅಂತ. ಯಾರಪ್ಪಾ ಇವನು? ಸಿಂಹಳದ ಗ್ರಂಥಗಳ ನೆರವಿನಿಂದ ಅಶೋಕ ಅಂತ ಗೊತ್ತಾಯಿತು. ಆಮೇಲೆ 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಅನುಮಾನ ಅಲ್ಲಿಗೆ ಮುಗಿಯಿತು.

ಬ್ರಹ್ಮಗಿರಿಯಲ್ಲಿ ಎಲ್ಲಿ ಕಣ್ಣು ಹಾಕಬೇಕು

ಹೋಗುವ ಮೊದಲು ಶಾಸನದ ಪಾಠವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಜೇಬಿನಲ್ಲಿಡಿ. ಕಾಪಿ ಹೊಡೆಯುವುದು ಅಂತ ನಾಚಿಕೆ ಬೇಡ. ಬ್ರಾಹ್ಮಿಯಲ್ಲಿ ಪದಗಳ ನಡುವೆ ಜಾಗ ಬಿಡುವ ಕಟ್ಟುನಿಟ್ಟು ಇಲ್ಲ. ಪಾಠ ಕೈಯಲ್ಲಿಲ್ಲದಿದ್ದರೆ ಎಲ್ಲಿ ಮುರಿಯಬೇಕು ಅಂತಲೇ ತಿಳಿಯುವುದಿಲ್ಲ.

ಶುರುವಿನಲ್ಲೇ ಮೂರು ಚುಕ್ಕೆ ಹುಡುಕಿ. ಅದು ಇ. ಅದರ ಪಕ್ಕ ಗುಡಿಸಿರುವ ಕೊಕ್ಕೆ ಸಿ, ಆಮೇಲೆ ಕನ್ನಡಿಯ ಕೊಕ್ಕೆ ಲ, ಮತ್ತೆ ಸಿ. "ಇಸಿಲಸಿ", ಅಂದರೆ ಇಸಿಲದಲ್ಲಿ. ಇಸಿಲ ಅನ್ನುವುದು ಆಗ ಇಲ್ಲಿದ್ದ ಊರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಹಳೆಯ ನೆಲೆಯ ಪದರ ಪದರ ಹೊರಬಿದ್ದವು. ಒಂದು ಪದ ಸಿಕ್ಕಿತಲ್ಲ, ಅದನ್ನೇ ಗೂಟ ಮಾಡಿಕೊಂಡು ಎಡಕ್ಕೂ ಬಲಕ್ಕೂ ಸರಿಯಿರಿ.

ಎಡಕ್ಕೆ ಹೋದರೆ ಸುವಂಣಗಿರಿ, ಅಯಪುತ, ಮಹಾಮಾತ ಎಲ್ಲ ಸಿಗುತ್ತವೆ. ಸುವರ್ಣಗಿರಿ ಅನ್ನುವ ಊರಿನಿಂದ ಆರ್ಯಪುತ್ರನೂ (ರಾಜಕುಮಾರ) ಅಲ್ಲಿನ ಮಹಾಮಾತ್ರರೂ (ದೊಡ್ಡ ಅಧಿಕಾರಿಗಳು) ಇಸಿಲದ ಮಹಾಮಾತ್ರರಿಗೆ ಕಳಿಸಿದ ಆದೇಶ ಇದು. ಬಲಕ್ಕೆ ಹೋದರೆ "ಆರೋಗಿಯಂ" ಬರುತ್ತದೆ, ಮೊದಲು ಅವರ ಆರೋಗ್ಯ ವಿಚಾರಿಸಿ ಅಂತ. ಆಮೇಲೆ ವಿಷಯ. ಸರ್ಕಾರಿ ಪತ್ರದಲ್ಲಿ ಆರೋಗ್ಯ ಕೇಳುವ ಪದ್ಧತಿ ಯಾವಾಗ ನಿಂತಿತೋ ಏನೋ.

ಅದಾದ ಮೇಲೆ "ದೇವಾಣಂಪಿಯೇ" ಹುಡುಕಿ. ಬೇರೆಡೆ ಈ ಪದಕ್ಕೆ ನ ಇರುತ್ತದೆ, ಇಲ್ಲಿ ಣ. ಅದಕ್ಕೇ ಮೇಲೊಂದು ಕೆಳಗೊಂದು ಅಡ್ಡಗೀಟಿರುವ ಕಂಬವನ್ನು ನೆನಪಿಡಿ ಅಂದದ್ದು. ಏತ್ವವಿರುವ ದ, ದೀರ್ಘವಿರುವ ವ, ಪಕ್ಕ ಚುಕ್ಕೆ ಇರುವ ಣ, ಗುಡಿಸಿರುವ ಪ, ಎಡಕ್ಕೆ ಗೀಟಿರುವ ಲಂಗರು. ಇಷ್ಟು ಓದಿದಿರಿ ಅಂದರೆ ಕ್ರಿಸ್ತಪೂರ್ವ 3ನೇ ಶತಮಾನದ ಒಂದು ಪದವನ್ನು ಯಾರ ಹಂಗೂ ಇಲ್ಲದೆ ಓದಿದಿರಿ.

ಅಂಕಿಯೂ ಇದೆ. ಶಾಸನದಲ್ಲಿ 256 ಅನ್ನುವ ಸಂಖ್ಯೆ ಬರುತ್ತದೆ. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಅನ್ನುವುದು ಬಹಳ ಜನ ವಿದ್ವಾಂಸರ ಓದು. ಅಲ್ಲಿ ಎರಡು, ಐದು, ಆರು ಅಂತ ಹುಡುಕಬೇಡಿ. ಆಗಿನ ಲೆಕ್ಕದಲ್ಲಿ ಸೊನ್ನೆ ಇಲ್ಲ, ಸ್ಥಾನಬೆಲೆಯೂ ಇಲ್ಲ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಇನ್ನೊಂದು, ಆರಕ್ಕೆ ಮತ್ತೊಂದು. ಮೂರು ಗುರುತು ಪಕ್ಕಪಕ್ಕ ಇಟ್ಟು ಓದುವುದು.

ಚಪಡನ ಸಹಿ

ನನಗೆ ಈ ಬಂಡೆಯಲ್ಲಿ ಎಲ್ಲಕ್ಕಿಂತ ಇಷ್ಟ ಕೊನೆಯ ಸಾಲು. ತಂದೆತಾಯಿಯ ಸೇವೆ ಮಾಡಬೇಕು, ಗುರುಗಳಿಗೆ ವಿಧೇಯರಾಗಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಅಂತೆಲ್ಲ ಹೇಳಿ ಮುಗಿಸಿದ ಮೇಲೆ, "ಚಪಡೇನ ಲಿಖಿತೇ" ಅಂತ ಬರುತ್ತದೆ. ಚಪಡ ಬರೆದದ್ದು. ಬರೆದವನು ತನ್ನ ಹೆಸರು ಹಾಕಿಕೊಂಡಿದ್ದಾನೆ. ನಾವು ಬೋರ್ಡಿನ ಕೆಳಗೆ ಮೂಲೆಯಲ್ಲಿ ಸಣ್ಣದಾಗಿ "ಆರ್ಟ್ಸ್" ಅಂತ ಹಾಕುತ್ತೇವಲ್ಲ, ಆ ಜಾಗ.

ಅಷ್ಟಕ್ಕೇ ಅವನು ನಿಲ್ಲಿಸಲಿಲ್ಲ. "ಲಿಪಿಕರೇಣ" ಅಂತ, ಅಂದರೆ ಲಿಪಿಕಾರನಾದ ನನ್ನಿಂದ ಅಂತ ಒಂದು ಪದ ಸೇರಿಸಿದ. ಆ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯಲಿಲ್ಲ, ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಈಗಿನ ಪಾಕಿಸ್ತಾನದ ಶಾಹಬಾಜ್‌ಗಢಿ, ಮಾನ್ಸೆಹ್ರಾ ಬಂಡೆಗಳಲ್ಲಿ ಅಶೋಕನ ಶಾಸನ ಇರುವುದು ಆ ಲಿಪಿಯಲ್ಲಿ. ಪಶ್ಚಿಮದ ಅರಮಾಯಿಕ್ ಲಿಪಿಯಿಂದ ಬಂದದ್ದು, ಬಲದಿಂದ ಎಡಕ್ಕೆ ಓದಬೇಕು. ಮೊಳಕಾಲ್ಮೂರಿನ ಸುತ್ತಮುತ್ತ ಆಗ ಅದನ್ನು ಓದುವವರು ಯಾರಿದ್ದರು? ಚಪಡ ಆ ಕಡೆಯಿಂದ ಬಂದವನಿರಬಹುದು, ಇಲ್ಲವೇ ಎರಡೂ ಬಲ್ಲೆ ಅಂತ ತೋರಿಸಿಕೊಂಡಿರಬಹುದು. ನನ್ನ ಮತ ಎರಡನೆಯದಕ್ಕೆ. ಕಸುಬುದಾರನ ಗತ್ತು ನನಗೆ ಗೊತ್ತು.

ಓದುವಾಗ ಮಾಡಬೇಕಾದದ್ದು ಇಷ್ಟೇ: ಕೊನೆಯ ಸಾಲಿನಲ್ಲಿ ಎಡದಿಂದ ಬಲಕ್ಕೆ ಬರುತ್ತಾ ಇರಿ. ಗೀಟು ಬಳೆಗಳ ನೆಟ್ಟಗಿನ ಅಕ್ಷರ ಹೋಗಿ, ಓರೆಯಾಗಿ ಬಾಗಿದ ಕೊಂಕು ಅಕ್ಷರ ಬಂದ ಕೂಡಲೇ ನಿಲ್ಲಿ. ಅಲ್ಲಿಂದ ಆ ಪದದ ಬಲತುದಿಗೆ ಹೋಗಿ ಹಿಂದಕ್ಕೆ ಓದಿ. ಲಿ, ಪಿ, ಕ, ರೇ, ಣ.

ಬರೆಯುವ ದಿಕ್ಕಿನ ಆಟ ಇನ್ನೂ ನೋಡಬೇಕಾದರೆ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಅಲ್ಲಿನ ಅಶೋಕನ ಶಾಸನದಲ್ಲಿ ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನ ಸಾಲು ಬಲದಿಂದ ಎಡಕ್ಕೆ ಹೋಗುವ ಭಾಗ ಇದೆ. ಗ್ರೀಕರ ಹಳೆಯ ಶಾಸನಗಳಲ್ಲೂ ಹೀಗೆ ಬರೆದದ್ದುಂಟು. ಹೊಲ ಉಳುವ ಎತ್ತು ಬದುವಿನಲ್ಲಿ ತಿರುಗಿ ವಾಪಸ್ ಬರುತ್ತದಲ್ಲ, ಆ ನಡೆಯ ಮೇಲೆಯೇ ಅವರು ಈ ಬರಹಕ್ಕೆ ಹೆಸರಿಟ್ಟಿದ್ದರು.

ಬೆಳಕು, ಮತ್ತು ಮಾಡಬಾರದ ಕೆಲಸಗಳು

ಮಟಮಟ ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಕೊರೆದ ಅಕ್ಷರ ಕಾಣುವುದು ನೆರಳಿನಿಂದ. ಬೆಳಕು ಓರೆಯಾಗಿ ಬೀಳಬೇಕು, ಅಂದರೆ ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ. ಶಾಸನಕ್ಕೆ ರಕ್ಷಣೆಯ ಕಟ್ಟಡ ಇರುವ ಕಡೆ ನೇರ ಬಿಸಿಲು ಬೀಳುವುದಿಲ್ಲ. ಆಗ ಮುಖ ನೋಡುವ ಸಣ್ಣ ಕನ್ನಡಿಯೊಂದು ಬ್ಯಾಗಿನಲ್ಲಿರಲಿ. ಒಬ್ಬರು ಹೊರಗೆ ನಿಂತು ಬಿಸಿಲನ್ನು ಬಂಡೆಯ ಮೇಲೆ ಪಕ್ಕದಿಂದ ಹಾಯಿಸಿದರೆ ಅಕ್ಷರ ಎದ್ದು ನಿಲ್ಲುತ್ತವೆ. ಮೊಬೈಲ್ ಟಾರ್ಚ್ ಕೂಡ ಆಗುತ್ತದೆ, ಬಂಡೆಗೆ ಒತ್ತಿಕೊಂಡಂತೆ ಪಕ್ಕದಲ್ಲಿ ಹಿಡಿಯಬೇಕು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಇದ್ದ ನೆರಳೂ ಹೋಗುತ್ತದೆ.

ಚಾಕ್ ಬಳಿಯಬೇಡಿ. ಎಣ್ಣೆ, ನೀರು, ಸುಣ್ಣ ಯಾವುದೂ ಬೇಡ. ಗೀಟಿನೊಳಗೆ ಮೊಳೆಯಿಂದ ಕೆರೆದು ಸ್ವಚ್ಛ ಮಾಡುವವರನ್ನೂ ಕಂಡಿದ್ದೇನೆ. ಅಂಥವರನ್ನು ತಡೆಯಿರಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆ ಪ್ರಕಾರ ಶಿಕ್ಷೆ ಇದೆ. ಒದ್ದೆ ಕಾಗದ ಬಡಿದು ಶಾಯಿ ಒತ್ತಿ ಪಡಿಯಚ್ಚು ತೆಗೆಯುವುದು ಅನುಮತಿ ಇರುವ ತಜ್ಞರ ಕೆಲಸ. ನಿಮಗೆ ನೋಟ್‌ಬುಕ್ಕಿನಲ್ಲಿ ನೋಡಿ ಬರೆದುಕೊಳ್ಳುವುದೇ ಸಾಕು, ಕೈಗೆ ಅದೇ ಅಭ್ಯಾಸ.

ಬಯಲು ಸೀಮೆಯ ಬಿಸಿಲು, ಬೇರೆ ಹೇಳಬೇಕಿಲ್ಲ. ಏಪ್ರಿಲ್, ಮೇ ಬೇಡ. ನೀರು, ಟೋಪಿ, ಬುತ್ತಿ ಕಟ್ಟಿಕೊಂಡು ಹೋಗಿ. ದಾವಣಗೆರೆ ಕಡೆಯವರು ಚಿತ್ರದುರ್ಗ, ಚಳ್ಳಕೆರೆ ಮೇಲೆ ಹೋಗುವುದು. ಸಿದ್ದಾಪುರದ ಹತ್ತಿರ ಹೋಗಿ "ಅಶೋಕನ ಶಾಸನ ಎಲ್ಲಣ್ಣ" ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ದಾರಿಯಲ್ಲೇ ಸಿಗುವ ಚಂದ್ರವಳ್ಳಿ

ಹೋಗುವಾಗಲೋ ಬರುವಾಗಲೋ ಚಿತ್ರದುರ್ಗದಲ್ಲಿ ಇಳಿದು ಚಂದ್ರವಳ್ಳಿ ನೋಡಿ. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಮೂರು ಸಾಲಿನ ಶಾಸನ ಇದೆ. ಪುರಾತತ್ವಜ್ಞ ಎಂ.ಎಚ್. ಕೃಷ್ಣ 1929ರಲ್ಲಿ ಪತ್ತೆ ಮಾಡಿದ್ದು. ಅವನು ಕೆರೆ ಕಟ್ಟಿಸಿದ ವಿಷಯ, ಭಾಷೆ ಇಲ್ಲೂ ಪ್ರಾಕೃತ. ಕಾಲ 4ನೇ ಶತಮಾನ, ಅಂದರೆ ಬ್ರಹ್ಮಗಿರಿಗಿಂತ ಐನೂರು ವರ್ಷಕ್ಕೂ ಮೇಲೆ ಈಚಿನದು. ಅಷ್ಟರಲ್ಲಿ ಅಕ್ಷರದ ನೆತ್ತಿಗೆ ಸಣ್ಣ ಮೊಳೆಯ ತಲೆಯಂಥ ಗುರುತು ಬಂದಿತ್ತು, ಗೀಟುಗಳ ಬಾಲ ಬಾಗತೊಡಗಿತ್ತು. ಆ ನೆತ್ತಿಯ ಗುರುತೇ ಬೆಳೆದು ನಮ್ಮ ತಲೆಕಟ್ಟಾಯಿತು.

ಅಕ್ಷರ ಯಾಕೆ ದುಂಡಗಾಯಿತು ಅಂದರೆ ಓಲೆಗರಿಯ ಕತೆ ಹೇಳುತ್ತಾರೆ. ಕಬ್ಬಿಣದ ಕಂಟದಿಂದ, ಅಂದರೆ ಗೀಚಿ ಬರೆಯುವ ಮೊನೆಯ ಕಡ್ಡಿಯಿಂದ, ಗರಿಯ ನಾರಿನ ಉದ್ದಕ್ಕೆ ನೇರ ಗೀಟು ಎಳೆದರೆ ಗರಿ ಸೀಳುತ್ತದೆ, ಅದಕ್ಕೆ ದುಂಡಗೆ ಬರೆದರು ಅಂತ. ಇರಬಹುದು. ಬೇಗ ಬರೆಯುವ ಯಾವ ಕೈಯೂ ಮೂಲೆಯನ್ನು ಉಳಿಸುವುದಿಲ್ಲ ಅನ್ನುವುದೂ ನಿಜ. ದಿನಕ್ಕೆ ಹತ್ತು ಬೋರ್ಡ್ ಬರೆದು ನೋಡಿ, ಗೊತ್ತಾಗುತ್ತದೆ.

ಹಳಗನ್ನಡದ ಕಲ್ಲುಗಳಿಗೆ ಒಂದು ಕೀಲಿ

ಬ್ರಾಹ್ಮಿ ಹಿಡಿಸಿದವರು ಅಲ್ಲಿಗೆ ಬಿಡುವುದಿಲ್ಲ, ಊರ ಗುಡಿಯ ಮುಂದಿನ ಕಲ್ಲಿಗೂ ಕೈ ಹಾಕುತ್ತಾರೆ. ದಾವಣಗೆರೆಯವರಿಗೆ ಹರಿಹರ ಹತ್ತಿರ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದಲ್ಲಿ ದೊಡ್ಡ ದೊಡ್ಡ ಶಾಸನಗಳಿವೆ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಲಿಪಿ ಕನ್ನಡವೇ ಆದರೂ ಮೊದಲ ನೋಟಕ್ಕೆ ತೆಲುಗೋ ಕನ್ನಡವೋ ಅನ್ನಿಸುತ್ತದೆ, ಆಗ ಎರಡಕ್ಕೂ ಅಷ್ಟು ಅಂತರ ಇರಲಿಲ್ಲ.

ಇಲ್ಲೂ ಪ್ರಿನ್ಸೆಪ್ ಉಪಾಯವೇ. ಶಿವನ ಸಂಬಂಧದ ಬಹಳಷ್ಟು ಶಾಸನಗಳು ಒಂದೇ ಶ್ಲೋಕದಿಂದ ಶುರುವಾಗುತ್ತವೆ: "ನಮಸ್ತುಂಗ ಶಿರಶ್ಚುಂಬಿ ಚಂದ್ರಚಾಮರ ಚಾರವೇ, ತ್ರೈಲೋಕ್ಯ ನಗರಾರಂಭ ಮೂಲಸ್ತಂಭಾಯ ಶಂಭವೇ." ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಕಲ್ಲಿನ ತುದಿಯಲ್ಲಿ ಲಿಂಗ, ಹಸು ಕರು, ಸೂರ್ಯ ಚಂದ್ರ ಇದ್ದು, ಕೆಳಗೆ "ನಮಸ್ತುಂಗ" ಅಂತ ಕಂಡಿತೋ, ಮುಂದಿನ ಎರಡು ಸಾಲಿನ ಅಕ್ಷರಗಳೆಲ್ಲ ನಿಮ್ಮವು. ಸ್ತುಂ, ಶ್ಚುಂ, ತ್ರೈ, ಸ್ತಂ ಅಂತ ಒತ್ತುಗಳ ಮಾದರಿಯೂ ಸಿಕ್ಕಿಬಿಡುತ್ತದೆ. ಕೊನೆಯಲ್ಲಿ ಶಾಪದ ಶ್ಲೋಕ ಬರುವುದು ಹೆಚ್ಚು: "ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ." ತಾನು ಕೊಟ್ಟ ಭೂಮಿಯನ್ನೋ ಬೇರೆಯವರು ಕೊಟ್ಟದ್ದನ್ನೋ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳವಾಗಿ ಹುಟ್ಟುತ್ತಾನಂತೆ. ಮೇಲಿನಿಂದ ಒಂದು, ಕೆಳಗಿನಿಂದ ಒಂದು ಶ್ಲೋಕ ಹಿಡಿದು ನಡುವಿಗೆ ಬನ್ನಿ.

ನಡುವೆ ಎರಡು ಅಕ್ಷರ ನಿಮ್ಮನ್ನು ತಡೆಯುತ್ತವೆ, ಱ ಮತ್ತು ೞ. ಈಗ ನಮ್ಮ ವರ್ಣಮಾಲೆಯಲ್ಲಿ ಇವಿಲ್ಲ. ಕೆಱೆ ಅಂದರೆ ಕೆರೆ, ಏೞು ಅಂದರೆ ಏಳು ಅಂತ ಓದಿಕೊಂಡು ಮುಂದೆ ಹೋಗಿ. ಸಿಕ್ಕಿಹಾಕಿಕೊಂಡರೆ, ಶಾಸನಗಳ ಪಾಠವನ್ನು ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಪುಸ್ತಕಮಾಲೆಯ 11ನೇ ಸಂಪುಟ ನೋಡಿ. 1903ರಲ್ಲಿ ಬಂದ ಚಿತ್ರದುರ್ಗ ಜಿಲ್ಲೆಯ ಸಂಪುಟ ಅದು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ನಮ್ಮ ಕಡೆಯ ಶಾಸನಗಳೂ ಅದರಲ್ಲೇ ಇವೆ.

ಇನ್ನು, ಓದಲು ಕಲಿತ ಕಣ್ಣಿಗೆ ಹೊಲದ ಬದುವಿನಲ್ಲೋ, ಬಟ್ಟೆ ಒಗೆಯುವ ಜಾಗದಲ್ಲೋ ಅಕ್ಷರದ ಕಲ್ಲು ಬೀಳುವುದುಂಟು. ನಮ್ಮ ಎರಡೂ ಜಿಲ್ಲೆಗಳಲ್ಲಿ ಅಂಥವು ಸುಮಾರಿವೆ. ನಿಧಿ ಇದೆ ಅಂತ ರಾತ್ರಿ ಅಗೆಯುವವರ ಕಿವಿಗೆ ಬೀಳುವ ಮೊದಲು ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಡಿ, ಊರಿನ ಹೆಸರು, ಸರ್ವೆ ನಂಬರ್ ಬರೆದುಕೊಳ್ಳಿ. ಕಲ್ಲನ್ನು ಎತ್ತಬೇಡಿ, ತಿರುಗಿಸಬೇಡಿ. ಚಿತ್ರದುರ್ಗದ ರಂಗಯ್ಯನ ಬಾಗಿಲಲ್ಲಿರುವ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ತಿಳಿಸಿ. ಕಲ್ಲು ಇರುವ ಹೊಲದ ಮಾಲೀಕರನ್ನೂ ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು, ಆಮೇಲೆ ತಕರಾರು ಬರುವುದಿಲ್ಲ.